ಹೆಡ್‌ಸ್ಟಾಕ್ ನೋಡಿ ಮಣೆ ಹಾಕುವವರು

ಬೇಸ್ ಗಿಟಾರನ್ನು ಚೀಲದಿಂದ ಹೊರತೆಗೆದ ಕೂಡಲೇ ಎದುರಿಗಿದ್ದವರ ಕಣ್ಣು ಹೋಗುವುದು ಹೆಡ್‌ಸ್ಟಾಕಿನ ಕಡೆಗೆ, ಅಂದರೆ ಕಂಪನಿಯ ಹೆಸರು ಬರೆದಿರುವ ಕತ್ತಿನ ತುದಿಯ ಕಡೆಗೆ. ಅಲ್ಲಿ ಪರಿಚಿತ ಹೆಸರಿದ್ದರೆ ಯಾರೂ ಏನೂ ಕೇಳುವುದಿಲ್ಲ. ಇಲ್ಲದಿದ್ದರೆ ಹುಬ್ಬು ಸ್ವಲ್ಪ ಮೇಲೇರುತ್ತದೆ, "ಇದು ಯಾವ ಕಂಪನಿಯದು?" ಎಂಬ ಪ್ರಶ್ನೆ ಬರುತ್ತದೆ, ಉತ್ತರ ಹೇಳಿದರೆ "ಓಹೋ" ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಆ ಹೊತ್ತಿಗೆ ತಂತಿಯನ್ನು ಒಮ್ಮೆಯೂ ಮಿಡಿದಿರುವುದಿಲ್ಲ. ಕೇಳಿದವರು ಕೆಟ್ಟ ಮನಸ್ಸಿನವರೇನಲ್ಲ. ಹೆಚ್ಚಿನವರು ನನಗಿಂತ ಚೆನ್ನಾಗಿ ನುಡಿಸುವವರು, ನಾದದ ವಿಷಯದಲ್ಲಿ ಸೂಕ್ಷ್ಮ ಕಿವಿಯುಳ್ಳವರು. ಅಂಥವರೂ ಕಿವಿಯ ಕೆಲಸವನ್ನು ಮೊದಲು ಕಣ್ಣಿಗೆ ಒಪ್ಪಿಸುತ್ತಾರಲ್ಲ, ಅದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ನಾನು ನುಡಿಸುವುದು ಜಿ ಅಂಡ್ ಎಲ್ ಕಂಪನಿಯ ಎಲ್-2000. ಬೇಸ್ ವಾದಕರ ಒಳವಲಯದಲ್ಲಿ ಇದನ್ನು ಬಲ್ಲವರಿದ್ದಾರೆ, ಬಲ್ಲವರು ಬಿಟ್ಟುಕೊಡದಷ್ಟು ಪ್ರೀತಿಸುತ್ತಾರೆ. ಆದರೆ ಡ್ರಮ್ಸ್ ನುಡಿಸುವವರಿಗೆ, ಹಾಡುವವರಿಗೆ, ಧ್ವನಿಮುದ್ರಣ ಮಾಡುವ ಅನೇಕರಿಗೆ ಇದು ಹೆಸರಿಲ್ಲದ ವಾದ್ಯಗಳ ಸಾಲಿಗೆ ಸೇರಿದ್ದು. ಹೆಸರಿಲ್ಲದ್ದೆಲ್ಲ ಬಚ್ಚಿಟ್ಟ ರತ್ನ ಎಂದು ವಾದಿಸುವ ಉದ್ದೇಶ ನನಗಿಲ್ಲ. ಕತ್ತು ಭಾರವಾಗಿ ನೆಲದ ಕಡೆ ವಾಲುವ, ಫ್ರೆಟ್ಟುಗಳು ಮಟ್ಟವಿಲ್ಲದೆ ಕಿರುಗುಡುವ, ಇ ತಂತಿ ಒಂದು ಬಲದಲ್ಲಿ ಜಿ ತಂತಿ ಇನ್ನೊಂದು ಬಲದಲ್ಲಿ ಕೇಳಿಸುವ ಎಷ್ಟೋ ಅನಾಮಧೇಯ ಬೇಸ್‌ಗಳನ್ನು ಕೈಯಲ್ಲಿ ಹಿಡಿದಿದ್ದೇನೆ. ಅವುಗಳಿಗೆ ಹೆಸರು ಬಾರದಿದ್ದುದು ನ್ಯಾಯವೇ. ನನ್ನ ಪ್ರಶ್ನೆ ಬೇರೆ. ಹೆಸರು ಗೊತ್ತಿಲ್ಲದ, ಆದರೆ ಅಚ್ಚುಕಟ್ಟಾಗಿ ಮಾಡಿದ ವಾದ್ಯವೊಂದು ಕೈಗೆ ಬಂದರೆ ನುಡಿಸುವವನಿಗೆ ಏನಾಗುತ್ತದೆ? ಅವನ ಕಿವಿಗೆ ಏನಾಗುತ್ತದೆ?

ಹೆಸರು ಮಾರಿದ ಮೇಲೆ

ಜಿ ಅಂಡ್ ಎಲ್ ವಿಷಯದಲ್ಲಿ ಈ ಪ್ರಶ್ನೆಗೆ ಇನ್ನಷ್ಟು ಚೂಪು ಬರುವುದು ಅದನ್ನು ಕಟ್ಟಿದವರು ಯಾರು ಎಂಬುದರಿಂದ. ಹೆಡ್‌ಸ್ಟಾಕಿನಲ್ಲಿ ಎಲ್ಲರೂ ಹುಡುಕುವ ಫೆಂಡರ್ ಎಂಬ ಆ ಪ್ರಸಿದ್ಧ ಹೆಸರಿನ ಮೂಲ ಯಜಮಾನರೇ ಇದನ್ನೂ ಮಾಡಿದರು. 1951ರಲ್ಲಿ ಪ್ರಿಸಿಷನ್ ಬೇಸ್, 1960ರಲ್ಲಿ ಜಾಝ್ ಬೇಸ್ ಹೊರತಂದ ಲಿಯೋ ಫೆಂಡರ್, 1965ರ ಜನವರಿಯಲ್ಲಿ ತಮ್ಮ ಕಂಪನಿಯನ್ನು ಸಿಬಿಎಸ್ ಎಂಬ ಪ್ರಸಾರ ಸಂಸ್ಥೆಗೆ 1.3 ಕೋಟಿ ಡಾಲರಿಗೆ ಮಾರಿದರು. ಆರೋಗ್ಯ ಕೈಕೊಟ್ಟಿತ್ತು, ಹೆಚ್ಚು ದಿನ ಉಳಿಯುವುದಿಲ್ಲ ಎಂದೇ ಅವರು ಭಾವಿಸಿದ್ದರು. ಕಂಪನಿಯ ಜೊತೆಗೆ ಹೆಸರೂ ಹೋಯಿತು. ಆಮೇಲೆ ಆರೋಗ್ಯ ಸುಧಾರಿಸಿತು, ಕೈ ಸುಮ್ಮನಿರಲಿಲ್ಲ. 1970ರ ದಶಕದಲ್ಲಿ ಮ್ಯೂಸಿಕ್ ಮ್ಯಾನ್ ಎಂಬ ಕಂಪನಿಯ ಜೊತೆ ಸೇರಿದರು. 1976ರಲ್ಲಿ ಸ್ಟಿಂಗ್‌ರೇ ಬೇಸ್ ಬಂತು. ಅಲ್ಲಿನ ಪಾಲುದಾರಿಕೆಯೂ ಹಳಸಿದ ಮೇಲೆ, ಎಪ್ಪತ್ತರ ವಯಸ್ಸಿನಲ್ಲಿ, ಹಳೆಯ ಒಡನಾಡಿ ಜಾರ್ಜ್ ಫುಲ್ಲರ್ಟನ್ ಅವರನ್ನು ಕೂಡಿಕೊಂಡು ಜಿ ಅಂಡ್ ಎಲ್ ಆರಂಭಿಸಿದರು. ಜಾರ್ಜ್ ಮತ್ತು ಲಿಯೋ, ಅಷ್ಟೇ. 1980ರಲ್ಲಿ ಎಲ್-1000 ಮತ್ತು ಎಲ್-2000 ಹೊರಬಂದವು.

ಕಾರ್ಖಾನೆ ಇದ್ದದ್ದು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ. (ಒಡನಾಡಿಯ ಮನೆತನದ ಹೆಸರೂ ಊರಿನ ಹೆಸರೂ ಒಂದೇ ಆಗಿರುವುದು ಕೇವಲ ಕಾಕತಾಳೀಯ.) ಅದು ನಿಂತಿದ್ದ ರಸ್ತೆಯ ಹೆಸರು ಫೆಂಡರ್ ಅವೆನ್ಯೂ. ತನ್ನ ಹೆಸರಿನ ರಸ್ತೆಯಲ್ಲಿ ಕುಳಿತು ಕೆಲಸ ಮಾಡುವ ಮನುಷ್ಯ ತಾನು ಮಾಡಿದ ವಾದ್ಯದ ಮೇಲೆ ತನ್ನ ಹೆಸರನ್ನು ದೊಡ್ಡದಾಗಿ ಬರೆಯುವಂತಿಲ್ಲ. 1985ರಲ್ಲಿ ಜಿ ಅಂಡ್ ಎಲ್ 'ಬ್ರಾಡ್‌ಕಾಸ್ಟರ್' ಎಂಬ ಗಿಟಾರನ್ನು ಹೊರತಂದಾಗ ಹಳೆಯ ಕಂಪನಿಯಿಂದ ಆಕ್ಷೇಪ ಬಂತು, ಮರುವರ್ಷ ಅದು 'ಅಸಾಟ್' ಆಯಿತು. 1950ರಲ್ಲಿ ಆ ಹೆಸರನ್ನು ಮೊದಲು ಇಟ್ಟವರು ಲಿಯೋ ಅವರ ಕಂಪನಿಯವರೇ. ಆಗಲೂ ಗ್ರೆಚ್ ಕಂಪನಿ ತನ್ನ ಡ್ರಮ್ಸ್‌ಗೆ ಅಂಥದೇ ಹೆಸರಿದೆ ಎಂದದ್ದರಿಂದ ಬಿಟ್ಟುಕೊಡಬೇಕಾಗಿತ್ತು. ಒಂದೇ ಹೆಸರನ್ನು ಎರಡು ಸಲ ಕಳೆದುಕೊಂಡ ಹಾಗಾಯಿತು. ಇಷ್ಟಾದರೂ ಅವರು 1991ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೂ ಅದೇ ಕಾರ್ಯಾಗಾರಕ್ಕೆ ಹೋಗುತ್ತಲೇ ಇದ್ದರು.

ಇನ್ನೊಂದು ಮಾತು. ಲಿಯೋ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನುಡಿಸುವವರನ್ನು ಕರೆದು ಕೂರಿಸಿ, ಅವರು ಹೇಳಿದ್ದನ್ನು ಕೇಳಿ, ತಿದ್ದಿ, ಮತ್ತೆ ಅವರ ಕೈಗೆ ಕೊಟ್ಟು ನೋಡುವುದು ಅವರ ಪದ್ಧತಿಯಾಗಿತ್ತು. ಎಲ್-2000 ಹಿಡಿದಾಗಲೆಲ್ಲ ನನಗೆ ಅನ್ನಿಸುವುದು ಇದೇ: ಮೂವತ್ತು ವರ್ಷ ಬೇಸ್ ವಾದಕರ ದೂರುಗಳನ್ನು ಕೇಳಿಸಿಕೊಂಡವರೊಬ್ಬರು ಒಂದೊಂದಕ್ಕೂ ಉತ್ತರ ಕೊಡಲು ಹೊರಟು ಮಾಡಿದ ವಾದ್ಯ ಇದು. ಕೆಲವು ಉತ್ತರಗಳು ಅದ್ಭುತ. ಕೆಲವು ಉತ್ತರಗಳು ಪ್ರಶ್ನೆಗಿಂತ ಉದ್ದ.

ಮೂರು ನಾಬು, ಮೂರು ಸ್ವಿಚ್ಚು

ಪ್ರಿಸಿಷನ್ ಬೇಸ್‌ನಲ್ಲಿ ಎರಡು ನಾಬುಗಳು. ಒಂದು ವಾಲ್ಯೂಮ್, ಒಂದು ಟೋನ್. ತಪ್ಪು ಮಾಡಲು ಜಾಗವೇ ಇಲ್ಲ. ಎಲ್-2000ದಲ್ಲಿ ವಾಲ್ಯೂಮ್, ಟ್ರೆಬಲ್ (ಧ್ವನಿಯ ಮೇಲಿನ ಭಾಗ), ಬೇಸ್ (ಕೆಳಗಿನ ಭಾಗ) ಎಂಬ ಮೂರು ನಾಬುಗಳ ಜೊತೆಗೆ ಮೂರು ಸಣ್ಣ ಸ್ವಿಚ್ಚುಗಳಿವೆ. ಮೊದಲನೆಯದು ಯಾವ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಎಂದು ಆರಿಸಲು: ಕತ್ತಿನ ಕಡೆಯದು, ಬ್ರಿಡ್ಜಿನ (ಒಡಲಿನ ಮೇಲೆ ತಂತಿಗಳು ಕೂರುವ ಆಸರೆ) ಕಡೆಯದು ಅಥವಾ ಎರಡೂ. ಎರಡನೆಯದು ಪ್ರತಿ ಪಿಕಪ್ಪಿನೊಳಗಿನ ಎರಡು ಸುರುಳಿಗಳನ್ನು ಸೀರೀಸ್‌ನಲ್ಲಿ ಜೋಡಿಸಬೇಕೋ ಪ್ಯಾರಲಲ್‌ನಲ್ಲೋ ಎಂದು ನಿರ್ಧರಿಸುತ್ತದೆ. ಮೂರನೆಯದು ಪ್ರಿಆಂಪಿನದು, ಅಂದರೆ ವಾದ್ಯದೊಳಗೇ ಇದ್ದು ಬ್ಯಾಟರಿಯಿಂದ ನಡೆಯುವ ಸಣ್ಣ ವರ್ಧಕದ್ದು: ಅದಿಲ್ಲದೆ ನುಡಿಸುವ ಪ್ಯಾಸಿವ್, ಅದರೊಂದಿಗೆ ನುಡಿಸುವ ಆ್ಯಕ್ಟಿವ್, ಟ್ರೆಬಲ್ ಏರಿಸಿದ ಆ್ಯಕ್ಟಿವ್. ಒಟ್ಟು ಹದಿನೆಂಟು ಜೋಡಣೆಗಳು, ನಾಬು ಮುಟ್ಟುವ ಮುನ್ನವೇ.

ಸೀರೀಸ್‌ನಲ್ಲಿ ಸುರುಳಿಗಳು ಒಂದರ ಹಿಂದೊಂದು ನಿಂತಾಗ ಒಟ್ಟು ಇಂಡಕ್ಟೆನ್ಸ್ ಹೆಚ್ಚುತ್ತದೆ. ಧ್ವನಿ ಜೋರಾಗುತ್ತದೆ, ನಡುಭಾಗ ದಪ್ಪವಾಗುತ್ತದೆ, ಮೇಲಿನ ಹೊಳಪು ಇಳಿಯುತ್ತದೆ. ಪ್ಯಾರಲಲ್‌ನಲ್ಲಿ ಅದು ತದ್ವಿರುದ್ಧ: ಬಲ ಕಡಿಮೆ, ಬೆರಳು ತಂತಿಗೆ ತಗಲುವ ಸದ್ದೂ ಕೇಳುವಷ್ಟು ಸ್ಪಷ್ಟತೆ. ನಾಬುಗಳ ನಡವಳಿಕೆ ಇನ್ನೂ ವಿಶೇಷ. ಟ್ರೆಬಲ್ ಮತ್ತು ಬೇಸ್ ಎರಡೂ ಕಡಿತ ಮಾಡಬಲ್ಲವೇ ಹೊರತು ಏರಿಸುವುದಿಲ್ಲ. ಪೂರ್ತಿ ತೆರೆದಿಟ್ಟರೆ ಪಿಕಪ್ಪಿನ ಧ್ವನಿ ಇದ್ದಂತೆಯೇ ಹೊರಗೆ ಬರುತ್ತದೆ. ಬೇಸ್ ವಾದ್ಯದಲ್ಲೇ ಬೇಸನ್ನು ಕಡಿತ ಮಾಡುವ ನಾಬು ಏಕೆ ಎಂದು ಮೊದಲು ಯಾರಿಗಾದರೂ ಅನ್ನಿಸುತ್ತದೆ. ಗುಂಯ್‌ಗುಡುವ ಸಣ್ಣ ಕೋಣೆಯಲ್ಲಿ, ಕಿಕ್ ಡ್ರಮ್ಮಿನ ಜೊತೆ ಕೆಳಗಿನ ಸ್ವರಗಳು ಕಲಸಿ ಮುದ್ದೆಯಾಗುತ್ತಿರುವಾಗ, ಆ ನಾಬನ್ನು ಕಾಲುಭಾಗ ಹಿಂದಕ್ಕೆ ತಿರುಗಿಸಿದರೆ ಉತ್ತರ ಸಿಗುತ್ತದೆ. ತೆರೆದ ಇ ತಂತಿಯ ಮೂಲ ಕಂಪನ ಸೆಕೆಂಡಿಗೆ 41ರ ಆಸುಪಾಸು. ಅದರ ಮೇಲಿರುವ ಎರಡನೆಯ, ಮೂರನೆಯ ಹಾರ್ಮೋನಿಕ್‌ಗಳೇ ಹೆಚ್ಚಾಗಿ ಸ್ವರ ಯಾವುದೆಂದು ಕಿವಿಗೆ ತಿಳಿಸುವುದು. ತಳದ ಗದ್ದಲ ತಗ್ಗಿಸಿದರೆ ಸ್ವರ ತೆಳುವಾಗುವ ಬದಲು ಎದ್ದು ಕಾಣುತ್ತದೆ.

ಪಿಕಪ್ಪುಗಳ ಹೆಸರು ಎಂಎಫ್‌ಡಿ (ಮ್ಯಾಗ್ನೆಟಿಕ್ ಫೀಲ್ಡ್ ಡಿಸೈನ್). ಹಳೆಯ ಪದ್ಧತಿಯಲ್ಲಿ ತಂತಿಯ ಕೆಳಗಿನ ಗುಂಡನೆಯ ತುಂಡುಗಳೇ ಆಲ್ನಿಕೋ ಅಯಸ್ಕಾಂತಗಳಾಗಿರುತ್ತಿದ್ದವು. ಇಲ್ಲಿ ಅಯಸ್ಕಾಂತ ತಳದಲ್ಲಿ, ಸೆರಾಮಿಕ್‌ನದು. ಮೇಲೆ ಕಾಣುವುದು ಮೆದು ಕಬ್ಬಿಣದ ತಿರುಪುಗಳು. ಒಂದೊಂದನ್ನೂ ಸಣ್ಣ ಅಲೆನ್ ಕೀಲಿಯಿಂದ ಏರಿಸಬಹುದು, ಇಳಿಸಬಹುದು. ಬ್ರಿಡ್ಜಿನಲ್ಲೂ ಇಂಥದೇ ಚಿಂತನೆ: ಪಕ್ಕದಲ್ಲೊಂದು ತಿರುಪು, ಒಂದೊಂದು ತಂತಿಯನ್ನು ಹೊರುವ ನಾಲ್ಕೂ ಸ್ಯಾಡಲ್‌ಗಳನ್ನು ಒಂದಕ್ಕೊಂದು ಒತ್ತಿ ಬಿಗಿಯುತ್ತದೆ, ತಳದ ಲೋಹದ ಏಣು ಮರದೊಳಗೆ ಕೊರೆದ ಗುಂಡಿಯಲ್ಲಿ ಕೂರುತ್ತದೆ. ಬಿಡಿಬಿಡಿಯಾಗಿ ಅಲುಗಾಡುವ ಸ್ಯಾಡಲ್‌ಗಳು ಕಿರಿಕಿರಿ ಸದ್ದು ಮಾಡುವುದನ್ನು ಅನುಭವಿಸಿದವರಿಗೆ ಈ ಒಂದು ತಿರುಪಿನ ಬೆಲೆ ಗೊತ್ತು.

ಕೆಂಪು ದೀಪ

ಒಮ್ಮೆ ಧ್ವನಿಮುದ್ರಣಕ್ಕೆ ಹೋಗಿದ್ದೆ. ಎರಡು ಹಾಡುಗಳು. ಮುದ್ರಣ ಮಾಡುವವರು ವಾದ್ಯವನ್ನು ನೋಡಿ ವಿನಯದಿಂದಲೇ ಕೇಳಿದರು: "ಪ್ರಿಸಿಷನ್ ತಂದಿಲ್ಲವೇ ಸರ್? ಇಲ್ಲೊಂದು ಇದೆ, ಬೇಕಾದರೆ ಕೊಡುತ್ತೇನೆ." ಮೊದಲು ಇದನ್ನು ಕೇಳಿ ನೋಡೋಣ ಎಂದೆ. ಕೇಬಲ್ ಸಿಕ್ಕಿಸಿ ಇ ತಂತಿಯನ್ನು ಮಿಡಿದೆ ಅಷ್ಟೇ, ಅವರ ಮುಂದಿನ ಪ್ರಿಆಂಪಿನ ಕೆಂಪು ದೀಪ ಹೊತ್ತಿಕೊಂಡಿತು. ಗೇನ್ ತಗ್ಗಿಸಿದರು, ಮತ್ತೆ ಕೆಂಪು. ಮೃದುವಾಗಿ ಮಿಡಿದರೆ ಸರಿ, ಸ್ವಲ್ಪ ಹುರುಪು ಬಂದರೆ ಅಂಚು ಒಡೆಯುತ್ತದೆ. ಎಂಎಫ್‌ಡಿ ಪಿಕಪ್ಪುಗಳ ಬಲವೇ ಅವುಗಳ ತೊಡಕು. ಎಲ್-2000 ನುಡಿಸುವ ಯಾರನ್ನು ಕೇಳಿದರೂ ಮೊದಲು ಹೇಳುವುದು ಇದನ್ನೇ: ಎದುರಿನ ಯಂತ್ರಕ್ಕೆ ತಡೆಯಲಾರದಷ್ಟು ಜೋರು.

ಹತ್ತು ನಿಮಿಷ ಕೊಡಿ ಎಂದು ಕೇಳಿ ವಾದ್ಯವನ್ನು ಮಡಿಲಲ್ಲಿ ಮಲಗಿಸಿಕೊಂಡೆ. ಪಿಕಪ್ಪನ್ನು ಹಿಡಿದಿರುವ ತಿರುಪುಗಳನ್ನು ತಿರುಗಿಸಿ, ಎರಡನ್ನೂ ತಂತಿಯಿಂದ ಕೆಳಕ್ಕೆ ಇಳಿಸಿದೆ, ಇ ತಂತಿಯ ಬದಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಹಾಗೆ ಇಳಿಸಿದಾಗ ಜಿ ತಂತಿ ಸೊರಗಿತು. ಅಲೆನ್ ಕೀಲಿಯಿಂದ ಅದರ ಕೆಳಗಿನ ತಿರುಪುಗಳನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿದೆ, ಮಿಡಿದೆ, ಇನ್ನಷ್ಟು ಎತ್ತಿದೆ, ಜಾಸ್ತಿಯಾಯಿತು, ಅರ್ಧ ಸುತ್ತು ಹಿಂದಕ್ಕೆ. ನಾಲ್ಕೂ ತಂತಿಗಳು ಒಂದೇ ತೂಕದಲ್ಲಿ ಮಾತಾಡುವವರೆಗೂ ಇದೇ ಕೆಲಸ. ಆಮೇಲೆ ಪ್ಯಾಸಿವ್, ಪ್ಯಾರಲಲ್, ಎರಡೂ ಪಿಕಪ್, ಟ್ರೆಬಲ್ ಸ್ವಲ್ಪ ಹಿಂದಕ್ಕೆ. ಕೆಂಪು ದೀಪ ಮತ್ತೆ ಹೊತ್ತಲಿಲ್ಲ. ಅವರು ಪರದೆ ನೋಡುವುದನ್ನು ಬಿಟ್ಟು ಸ್ಪೀಕರಿನ ಕಡೆ ತಲೆ ತಿರುಗಿಸಿ ಕೂತರು. ಮೊದಲ ಹಾಡು ಚುರುಕಿನದು, ಬೇಸ್ ಓಡಾಡುವಂಥದ್ದು. ಅದು ಎಲ್-2000ದಲ್ಲೇ ಆಯಿತು, ಬಹಳ ಚೆನ್ನಾಗಿ ಆಯಿತು.

ಎರಡನೆಯ ಹಾಡು ನಿಧಾನದ್ದು. ಸ್ವರಗಳು ವಿರಳ, ನಡುವೆ ಖಾಲಿ ಜಾಗ ಜಾಸ್ತಿ. ಎಲ್-2000ದಲ್ಲಿ ಒಂದು ಸಲ, ಅವರ ಪ್ರಿಸಿಷನ್‌ನಲ್ಲಿ ಒಂದು ಸಲ ನುಡಿಸಿ ಎರಡನ್ನೂ ಕೇಳಿದೆವು. ಪ್ರಿಸಿಷನ್ ಗೆದ್ದಿತು. ಹಾಡುವವರ ಧ್ವನಿಯ ಕೆಳಗೆ ಅದು ಸದ್ದಿಲ್ಲದೆ ಹೋಗಿ ಕೂತುಕೊಂಡಿತು. ನನ್ನದು ಪ್ರತಿ ಸ್ವರದಲ್ಲೂ ತಾನಿದ್ದೇನೆ ಎಂದು ನೆನಪಿಸುತ್ತಿತ್ತು. ನನಗೆ ಬೇಸರವೇನೂ ಆಗಲಿಲ್ಲ. ಎರಡು ವಾದ್ಯಗಳನ್ನು ಎದುರುಬದುರು ಇಟ್ಟು, ಹಾಡಿನ ಒಳಗೆ, ಕಿವಿಯಿಂದಲೇ ತೂಗಿದ ತೀರ್ಪು ಅದು. ಬಾಗಿಲಲ್ಲಿ ಹೆಡ್‌ಸ್ಟಾಕ್ ನೋಡಿ ಕೊಟ್ಟ ತೀರ್ಪಿಗೂ ಇದಕ್ಕೂ ಅಜಗಜಾಂತರ. ಅಂದು ಎರಡು ಹಾಡಿಗೂ ಪ್ರಿಸಿಷನ್ನೇ ಎಂದು ಮೊದಲೇ ಒಪ್ಪಿಕೊಂಡಿದ್ದರೆ ಮೊದಲನೆಯ ಹಾಡು ಬಡವಾಗುತ್ತಿತ್ತು. ಹಟಕ್ಕೆ ಬಿದ್ದು ಎರಡಕ್ಕೂ ನನ್ನದೇ ಎಂದಿದ್ದರೆ ಎರಡನೆಯದು ಬಡವಾಗುತ್ತಿತ್ತು.

ಬ್ಯಾಟರಿ ಸತ್ತ ರಾತ್ರಿ

ಆ್ಯಕ್ಟಿವ್ ವಾದ್ಯಗಳ ಕುರಿತು ನನಗೆ ಮೊದಲಿನಿಂದಲೂ ಒಂದು ಅಳುಕಿದೆ: 9 ವೋಲ್ಟಿನ ಒಂದು ಬ್ಯಾಟರಿಯನ್ನು ನಂಬಿ ವೇದಿಕೆ ಹತ್ತುವುದು. ಆ ಅಳುಕು ನಿಜವಾದ ರಾತ್ರಿಯೂ ಬಂತು. ತೆರೆದ ಬಯಲಿನ ಕಾರ್ಯಕ್ರಮ, ಗಾಳಿಗೆ ಮೇಲಿನ ಸ್ವರಗಳು ಹಾರಿಹೋಗುತ್ತಿದ್ದವು, ಹಾಗಾಗಿ ಸ್ವಿಚ್ಚನ್ನು ಟ್ರೆಬಲ್ ಏರಿಸುವ ಕಡೆ ಇಟ್ಟಿದ್ದೆ. ಹಾಡಿನ ಎರಡನೆಯ ಚರಣದಲ್ಲಿ ಸ್ವರದ ತುದಿ ಒಡೆಯತೊಡಗಿತು. ಮೊದಲು ಸ್ಪೀಕರಿನ ದೋಷ ಎಂದುಕೊಂಡೆ. ನಾಲ್ಕು ಮಾತ್ರೆ ಕಳೆಯುವಷ್ಟರಲ್ಲಿ ಧ್ವನಿ ಸವೆದು ಹರಿದ ಕಾಗದದಂತಾಯಿತು. ಡ್ರಮ್ಸ್ ನುಡಿಸುತ್ತಿದ್ದವರು ನನ್ನ ಕಡೆ ನೋಡಿದರು. ಬಲಗೈ ತಂತಿ ಬಿಟ್ಟು ಮೂರನೆಯ ಸ್ವಿಚ್ಚನ್ನು ಪ್ಯಾಸಿವ್‌ಗೆ ತಳ್ಳಿ ಮುಂದಿನ ಸಮ್‌ಗೆ ಮರಳಿತು. ಧ್ವನಿ ತುಂಬಿ ಬಂತು, ಹೊಳಪು ಕಡಿಮೆ, ದಪ್ಪ ಹೆಚ್ಚು. ಹಾಡು ನಿಲ್ಲಲಿಲ್ಲ. ಉಳಿದ ಕಾರ್ಯಕ್ರಮವೆಲ್ಲ ಹಾಗೆಯೇ ನಡೆಯಿತು.

ಅದೇ ಲಿಯೋ ಅವರ ಸ್ಟಿಂಗ್‌ರೇ ಆಗಿದ್ದರೆ ಅಲ್ಲಿಗೆ ಮೌನ. ಅದರಲ್ಲಿ ಪ್ರಿಆಂಪನ್ನು ಬದಿಗೊತ್ತಿ ನುಡಿಸುವ ದಾರಿ ಇಲ್ಲ. ನಾಲ್ಕು ವರ್ಷಗಳ ಅಂತರದಲ್ಲಿ ಬಂದ ಎಲ್-2000ದಲ್ಲಿ ಆ ದಾರಿ ಇದೆ. ವೇದಿಕೆಯ ಮೇಲೆ ಕೈಬಿಟ್ಟ ಬ್ಯಾಟರಿಯ ದೂರು ಅವರ ಕಿವಿಗೂ ಬಿದ್ದಿರಬೇಕು ಎಂದೇ ನನ್ನ ಊಹೆ. ಪ್ಯಾಸಿವ್‌ನಲ್ಲಿ ಒಂದು ಕೊರತೆ ಇದೆ; ಉದ್ದದ ಕೇಬಲ್ ಬಳಸಿದರೆ ಅದರ ಕೆಪಾಸಿಟೆನ್ಸ್ ಮೇಲಿನ ಸ್ವರಗಳನ್ನು ತಿಂದುಹಾಕುತ್ತದೆ. ಪ್ರಿಆಂಪ್ ನಡುವೆ ಇದ್ದರೆ ಈ ನಷ್ಟ ಆಗುವುದಿಲ್ಲ. ಆ ಲಾಭಕ್ಕಾಗಿಯೇ ನಾನು ದೊಡ್ಡ ವೇದಿಕೆಯಲ್ಲಿ ಇಂದಿಗೂ ಆ್ಯಕ್ಟಿವ್ ಬಳಸುತ್ತೇನೆ, ಹೊಸ ಬ್ಯಾಟರಿ ಹಾಕಿಕೊಂಡು.

ಟೇಪು ಅಂಟಿಸಿದವರು

ಇದೇ ವಾದ್ಯವನ್ನು ನುಡಿಸುವ ಬೇರೆಯವರು ಸಿಕ್ಕಾಗ ಮಾತು ಬೇಗ ಆಪ್ತವಾಗುತ್ತದೆ. ದೂರುಗಳು ಹೆಚ್ಚುಕಡಿಮೆ ಒಂದೇ. ಆ್ಯಶ್ ಮರದ ಒಡಲಾದರೆ ಭುಜ ನೋಯುವಷ್ಟು ತೂಕ. ಟ್ರೆಬಲ್ ಏರಿಸಿದ ಸ್ಥಿತಿಯಲ್ಲಿ ಸಣ್ಣ ಕೋಣೆಯಲ್ಲಿ ಕೇಳಿಸುವ 'ಸ್ಸ್' ಎಂಬ ಹಿನ್ನೆಲೆ ಸದ್ದು. ಯಾವ ಸ್ವಿಚ್ಚು ಎಲ್ಲಿದೆ ಎಂದು ಮಂದ ಬೆಳಕಿನಲ್ಲಿ ತಡಕಾಡುವುದು. ಮಾರಲು ಹೋದರೆ ಪ್ರಸಿದ್ಧ ಹೆಸರಿನ ವಾದ್ಯಕ್ಕೆ ಸಿಗುವಷ್ಟು ಸಿಗುವುದಿಲ್ಲ ಎಂಬ ಕೊರಗು. ಕೊನೆಯದನ್ನು ನಾನು ಬೇರೆ ತರಹ ನೋಡುತ್ತೇನೆ: ಮಾರುವಾಗಿನ ಆ ನಷ್ಟವೇ ಎರಡನೆಯ ಕೈಯಿಂದ ಕೊಳ್ಳುವವರಿಗೆ ಲಾಭ, ನುಡಿಸುವ ಆಸೆಯಿಂದ ಕೊಳ್ಳುವವರ ಕೈಗೆ ಅದು ತಲುಪುವುದೂ ಹಾಗೆಯೇ.

ಅವರಲ್ಲಿ ಒಬ್ಬ ಹಿರಿಯರನ್ನು ಮರೆಯಲಾರೆ. ಅವರ ಎಲ್-2000ದ ಬಣ್ಣ ಮುಂಗೈ ತಾಗುವ ಕಡೆ ಪೂರ್ತಿ ಸವೆದು ಮರ ಕಾಣುತ್ತಿತ್ತು. ಮೂರು ಸ್ವಿಚ್ಚುಗಳ ಮೇಲೆ ಕಪ್ಪು ಟೇಪನ್ನು ಅಡ್ಡಲಾಗಿ ಅಂಟಿಸಿದ್ದರು. ಟೇಪಿನ ಅಂಚು ಧೂಳು ಹಿಡಿದು ಬೂದು ಬಣ್ಣಕ್ಕೆ ತಿರುಗಿತ್ತು, ಅಂದರೆ ಅದನ್ನು ತೆಗೆದು ಎಷ್ಟೋ ಕಾಲವಾಗಿತ್ತು. ಏಕೆ ಎಂದು ಕೇಳಿದೆ. "ಹದಿನೆಂಟು ದಾರಿ ಇರಬಹುದಪ್ಪಾ, ಮನೆ ಸೇರುವುದಕ್ಕೆ ನನಗೆ ಒಂದು ಸಾಕು" ಎಂದರು. ಅವರ ದಾರಿ: ಎರಡೂ ಪಿಕಪ್, ಸೀರೀಸ್, ಪ್ಯಾಸಿವ್. ಉಳಿದದ್ದೆಲ್ಲ ಬಲಗೈಯಲ್ಲಿ. ಬ್ರಿಡ್ಜಿನ ಹತ್ತಿರ ಮಿಡಿದಾಗ ಗಟ್ಟಿ, ಕತ್ತಿನ ಹತ್ತಿರ ಸರಿದಾಗ ಮೆತ್ತಗೆ, ಅಂಗೈಯ ಅಂಚನ್ನು ತಂತಿಗೆ ತಾಗಿಸಿ ಹೆಬ್ಬೆರಳಿನಿಂದ ಮಿಡಿದಾಗ ಹಳೆಯ ನಿಲುಬೇಸಿನ ಹಾಗೆ ಗುಡುಗಿ ಆರುವ ಸ್ವರ. ಒಂದೇ ಜೋಡಣೆಯಲ್ಲಿ ನಾನು ಸ್ವಿಚ್ಚುಗಳಲ್ಲಿ ಹುಡುಕುತ್ತಿದ್ದ ಅರ್ಧಕ್ಕಿಂತ ಹೆಚ್ಚು ಬಣ್ಣಗಳನ್ನು ತೋರಿಸಿದರು.

ಅವರ ನುಡಿಸಾಣಿಕೆ ನೋಡಿದ ಮೇಲೆ ನನ್ನ ಪ್ರಶ್ನೆಗೆ ಒಂದು ಉತ್ತರ ರೂಪುಗೊಂಡಿತು. ಪ್ರಸಿದ್ಧ ವಾದ್ಯ ಕೈಗೆ ಬಂದಾಗ ಅದರ ಧ್ವನಿ ಹೇಗಿರಬೇಕೆಂಬುದು ನಮ್ಮ ತಲೆಯಲ್ಲಿ ಆಗಲೇ ಇರುತ್ತದೆ. ಸಾವಿರ ಹಾಡುಗಳಲ್ಲಿ ಕೇಳಿದ ಧ್ವನಿ ಅದು. ಬೆರಳು ಅದನ್ನೇ ಹುಡುಕುತ್ತದೆ, ಸಿಕ್ಕಾಗ ನೆಮ್ಮದಿ, ಅಲ್ಲಿಗೆ ಹುಡುಕಾಟ ಮುಗಿಯಿತು. ಅದರಲ್ಲಿ ತಪ್ಪೇನಿಲ್ಲ, ಪರಂಪರೆ ಎಂದರೆ ಅದೇ. ಎಲ್-2000ಕ್ಕೆ ಅಂಥ ಸಿದ್ಧ ನೆನಪು ನನ್ನಲ್ಲಿ ಇರಲಿಲ್ಲ. ಯಾವ ಹಾಡಿನ ಹಾಗೆ ಕೇಳಿಸಬೇಕೆಂದು ಗೊತ್ತಿಲ್ಲದ ವಾದ್ಯದ ಮುಂದೆ ಕೂತಾಗ, ಅದು ನಿಜವಾಗಿ ಹೇಗೆ ಕೇಳಿಸುತ್ತಿದೆ ಎಂಬುದಕ್ಕೆ ಕಿವಿಗೊಡದೆ ಬೇರೆ ಉಪಾಯವಿಲ್ಲ. ನಾನು ಬೆರಳಿನ ಜಾಗ ಬದಲಿಸಿದರೆ ಏನಾಗುತ್ತದೆ, ತಂತಿ ಹಳೆಯದಾದಂತೆ ಏನು ಕಳೆಯುತ್ತದೆ, ಪಿಕಪ್ಪಿನ ಎತ್ತರ ಎಷ್ಟು ಮುಖ್ಯ ಎಂಬುದನ್ನೆಲ್ಲ ಕಲಿತದ್ದು ಈ ವಾದ್ಯದಲ್ಲಿ. ಕಲಿತ ಮೇಲೆ ಪ್ರಿಸಿಷನ್ ಹಿಡಿದಾಗಲೂ ಆ ಕಿವಿ ನನ್ನ ಜೊತೆಗೇ ಬಂತು. ಅದನ್ನೂ ಈಗ ಮೊದಲಿಗಿಂತ ಚೆನ್ನಾಗಿ ನುಡಿಸುತ್ತೇನೆ.

ಕೊಳ್ಳಬೇಕೆನ್ನುವವರಿಗೆ

ಆಗಾಗ ಯಾರಾದರೂ ಕೇಳುತ್ತಾರೆ, ಹಾಗಾಗಿ ಇಷ್ಟನ್ನು ಬರೆದಿಡುತ್ತೇನೆ. ಅಮೆರಿಕದಲ್ಲಿ ಮಾಡಿದ್ದೇ ಆಗಬೇಕೆಂಬ ಹಟ ಬೇಡ. ಇಂಡೊನೇಷ್ಯಾದಲ್ಲಿ ತಯಾರಾದ ಟ್ರಿಬ್ಯೂಟ್ ಸಾಲಿನ ಎಲ್-2000ದಲ್ಲೂ ಎಂಎಫ್‌ಡಿ ಪಿಕಪ್ಪುಗಳಿವೆ, ಅದೇ ಮಾದರಿಯ ಬ್ರಿಡ್ಜ್ ಇದೆ, ಸ್ವಿಚ್ಚುಗಳ ವ್ಯವಸ್ಥೆಯೂ ಅದೇ. ವ್ಯತ್ಯಾಸ ಮರದ ಆಯ್ಕೆಯಲ್ಲಿ, ಬಣ್ಣದಲ್ಲಿ, ಕತ್ತಿನ ಅಂಚುಗಳ ನಯದಲ್ಲಿ ಕಾಣಿಸುತ್ತದೆ. ಕೊಳ್ಳುವ ಮುನ್ನ ಭುಜಕ್ಕೆ ಹಾಕಿಕೊಂಡು ಅರ್ಧ ಗಂಟೆ ನಿಂತು ನುಡಿಸಿ, ಕೂತು ನುಡಿಸಿದರೆ ತೂಕ ತಿಳಿಯುವುದಿಲ್ಲ. ಹಳೆಯದಾದರೆ ಸ್ಯಾಡಲ್‌ಗಳನ್ನು ಒತ್ತಿಹಿಡಿಯುವ ಪಕ್ಕದ ತಿರುಪು ತಿರುಗುತ್ತದೆಯೇ, ತುಕ್ಕು ಹಿಡಿದು ಕೂತಿದೆಯೇ ನೋಡಿ. ಅದು ಕೂತಿದ್ದರೆ ತಂತಿಯ ಎತ್ತರ ತಿದ್ದುವುದು ತಲೆನೋವು. ಮೂರು ಸ್ವಿಚ್ಚುಗಳನ್ನೂ ಆಡಿಸಿ, ಒಂದೊಂದು ಸ್ಥಿತಿಯಲ್ಲೂ ಧ್ವನಿ ಬರುತ್ತದೆಯೇ ಕೇಳಿ. ಮೊದಲು ಪ್ಯಾಸಿವ್‌ನಲ್ಲಿ, ನಾಬುಗಳನ್ನೆಲ್ಲ ಪೂರ್ತಿ ತೆರೆದು, ಪಿಕಪ್ಪುಗಳನ್ನು ಸಾಕಷ್ಟು ಕೆಳಗಿಳಿಸಿ ನುಡಿಸಿ. ಅಂಗಡಿಗಳಲ್ಲಿ ತೂಗುಹಾಕಿರುವ ಎಲ್-2000ಗಳ ಪಿಕಪ್ಪುಗಳು ಸಾಮಾನ್ಯವಾಗಿ ತಂತಿಗೆ ತೀರಾ ಹತ್ತಿರವಿರುತ್ತವೆ. ಕರ್ಕಶ ಎಂದು ಇದನ್ನು ತಿರಸ್ಕರಿಸಿದ ಎಷ್ಟೋ ಮಂದಿ ನಿಜವಾಗಿ ತಿರಸ್ಕರಿಸಿದ್ದು ಆ ಎತ್ತರವನ್ನು. ಒಂದು ಅಲೆನ್ ಕೀಲಿ, ಒಂದು ತಿರುಪುಳಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಮಾರುವವರ ಒಪ್ಪಿಗೆ ಪಡೆದು ಇಳಿಸಿ ನೋಡಿ. ಆಮೇಲೂ ನಿಮಗೆ ಬೇಕಾದ ಧ್ವನಿ ಪ್ರಿಸಿಷನ್‌ನದೇ ಎನ್ನಿಸಿದರೆ ನಿಸ್ಸಂಕೋಚವಾಗಿ ಅದನ್ನೇ ಕೊಳ್ಳಿ. ಅದನ್ನು ರೂಪಿಸಿದವರೂ ಲಿಯೋ ಅವರೇ.